ಕಾಯಿಹಾಲು ಹಾಲಲ್ಲ

ಮೇ ತಿಂಗಳ ಮದುವೆಮನೆ ಊಟದಲ್ಲಿ ಒಂದು ನೋಟ ಈಚೆಗೆ ಮತ್ತೆ ಮತ್ತೆ ಕಣ್ಣಿಗೆ ಬೀಳುತ್ತದೆ. ಪಂಕ್ತಿಯಲ್ಲಿ ತಾಯಿ, ಪಕ್ಕದಲ್ಲಿ ನಾಲ್ಕೈದು ವರ್ಷದ ಮಗು. ಬಡಿಸುವವರು ಪಾಯಸದ ಬಕೆಟ್ ಹಿಡಿದು ಬರುತ್ತಾರೆ. ತಾಯಿ ಮಗುವಿನ ಎಲೆಗೆ ಅಂಗೈ ಅಡ್ಡ ಹಿಡಿದು, ‘ಹಾಲು ಹಾಕಿದ್ದಾ?’ ಎಂದು ಕೇಳುತ್ತಾಳೆ. ‘ಹೌದಮ್ಮ, ಹಾಲಿಂದೇ.’ ಹೋಳಿಗೆ ಬರುತ್ತದೆ, ಹಿಂದೆಯೇ ತುಪ್ಪದ ಗಿಂಡಿ. ಮತ್ತೆ ಅಂಗೈ. ಕೊನೆಗೆ ಫ್ರೂಟ್ ಸಲಾಡ್, ಅದರ ನೆತ್ತಿಯ ಮೇಲೆ ಐಸ್‌ಕ್ರೀಂ. ಮತ್ತೆ ಅಂಗೈ. ಹಾಲು ಒಗ್ಗದ ಆ ಮಗುವಿನ ಪಾಲಿಗೆ ಉಳಿಯುವುದು ಎರಡು ಹೋಳು ಕಲ್ಲಂಗಡಿ. ಅದೇ ಹೊತ್ತಿಗೆ ಮಂಟಪದ ಬಾಗಿಲಿಗೆ ಗೊನೆ ಸಮೇತ ಬಾಳೆಗಿಡ ಕಟ್ಟಿರುತ್ತದೆ, ಹಿತ್ತಿಲಲ್ಲಿ ಹಲಸಿನ ಹಣ್ಣು ಮರದಿಂದ ಬಿದ್ದು ಬಿರಿದಿರುತ್ತದೆ, ಅಡುಗೆ ಕೋಣೆಯ ಮೂಲೆಯಲ್ಲಿ ಸುಲಿದ ಕಾಯಿಗಳ ರಾಶಿ ಇರುತ್ತದೆ. ಹಾಲಿಲ್ಲದ ಹಣ್ಣಿನ ಸಿಹಿಗೆ ಬೇಕಾದದ್ದೆಲ್ಲ ನೂರು ಅಡಿ ಸುತ್ತಳತೆಯಲ್ಲೇ ಇದ್ದೂ ಎಲೆ ಖಾಲಿ.

ಮನೆಯಲ್ಲೂ ಇದೇ ತಾಪತ್ರಯ. ‘ಮಗೂಗೆ ಹಾಲು ಆಗಲ್ಲ, ಹಾಲಿನ ಬದಲು ಏನು ಹಾಕಿ ಸಿಹಿ ಮಾಡ್ಲಿ?’ ಅಂತ ಕೇಳುವವರು ಹೆಚ್ಚಾಗಿದ್ದಾರೆ. ಉತ್ತರವಾಗಿ ಬಾದಾಮಿ ಹಾಲು, ಸೋಯಾ ಹಾಲು, ಓಟ್ಸ್ ಹಾಲುಗಳ ಹೆಸರು ಬರುತ್ತದೆ. ಶಿವಮೊಗ್ಗದ ಅಂಗಡಿಗಳಲ್ಲೂ ಈಗ ಅವು ಸಿಗುತ್ತವೆ. ತಪ್ಪೇನಿಲ್ಲ. ಆದರೆ ಹಸುವಿನ ಹಾಲಿನ ಪಾಯಸವನ್ನು ಮನಸ್ಸಿನಲ್ಲಿಟ್ಟುಕೊಂಡು, ಆ ಜಾಗಕ್ಕೆ ಇನ್ನೊಂದನ್ನು ಸುರಿದು, ಅದೇ ರುಚಿ ಬರಲಿ ಎಂದು ಕಾದರೆ ಬೇಸರವೇ ಗತಿ. ‘ಬದಲು’ ಎಂಬ ಮಾತಿನಲ್ಲೇ ತೊಡಕಿದೆ. ಹಣ್ಣಿಗೆ ಬೆಲ್ಲ ಕೂಡಿಸಿ ಮಾಡುವ ಮಲೆನಾಡಿನ ರಸಾಯನ ಯಾವುದರ ಬದಲೂ ಅಲ್ಲ. ಅದು ಹುಟ್ಟಿದ್ದೇ ತೆಂಗಿನ ತುರಿ ಹಿಂಡಿ ತೆಗೆದ ಕಾಯಿಹಾಲಿನಲ್ಲಿ.

ಎಷ್ಟೊಂದು ಹಾಲು

ಕನ್ನಡದಲ್ಲಿ ಹಾಲು ಎಂದರೆ ಕೊಟ್ಟಿಗೆಯದು ಮಾತ್ರ ಅಲ್ಲವಲ್ಲ. ಆಲೆಮನೆಗೆ ಹೋದರೆ ಲೋಟದಲ್ಲಿ ಕೊಡುವುದು ಕಬ್ಬಿನ ಹಾಲು. ಗದ್ದೆಯಲ್ಲಿ ತೆನೆ ಬಲಿಯುವ ಮೊದಲು ಭತ್ತಕ್ಕೆ ಹಾಲು ತುಂಬುತ್ತದೆ. ಹಾಲುಬಾಯಿ ಎಂಬ ಸಿಹಿತಿಂಡಿಯಲ್ಲಿರುವ ಹಾಲು ಅಕ್ಕಿಯದೂ ಕಾಯಿಯದೂ. ಅಡಿಕೆ ತೋಟದ ಮನೆಯವರಿಗೆ ಕಾಯಿಹಾಲು ಕೈಗೆ ಹತ್ತಿರ: ಅಡಿಕೆಯ ನಡುವೆ ಬಾಳೆ, ಅಂಚಿನಲ್ಲಿ ತೆಂಗು, ನೆರಳಲ್ಲಿ ಏಲಕ್ಕಿ, ಅಟ್ಟದ ಮೇಲೆ ಜೋನಿಬೆಲ್ಲದ (ಪಾಕದಂತಿರುವ ಬೆಲ್ಲ) ಡಬ್ಬ. ಮಲೆನಾಡು ಗಿಡ್ಡ ಹಸು ಕೊಡುವ ಹಾಲು ಕಡಿಮೆ. ಅದು ಹೆಪ್ಪಿಗೆ, ಮಜ್ಜಿಗೆಗೆ, ತುಪ್ಪಕ್ಕೆ ಹೋದ ಮೇಲೆ ಹತ್ತು ಜನಕ್ಕೆ ಸಿಹಿ ಮಾಡಲು ಮಿಕ್ಕುತ್ತಿದ್ದುದು ಅಷ್ಟಕ್ಕಷ್ಟೆ. ಅದಕ್ಕೇ ಇರಬೇಕು, ಇಲ್ಲಿಯ ಹಣ್ಣಿನ ಸಿಹಿಗಳು ತೆಂಗಿನ ಕಡೆಗೆ ವಾಲಿದ್ದು.

ಹೆಸರು ಒಂದೇ ಆದರೂ ಎರಡು ಹಾಲುಗಳ ಗುಣ ಬೇರೆ. ಹಸುವಿನ ಹಾಲನ್ನು ಗಂಟೆಗಟ್ಟಲೆ ಕಾಯಿಸಿದರೆ ಖೋವಾ ಆಗುತ್ತದೆ. ಕಾಯಿಹಾಲನ್ನು ಗಂಟೆಗಟ್ಟಲೆ ಕಾಯಿಸಿದರೆ ಎಣ್ಣೆ ಆಗುತ್ತದೆ. ಈ ಒಂದು ವ್ಯತ್ಯಾಸ ಕೈಗೆ ಹತ್ತಿದರೆ ಮುಂದಿನದೆಲ್ಲ ಸಲೀಸು. ಹಸುವಿನ ಹಾಲಿನಲ್ಲಿ ಕೊಬ್ಬು ನೂರಕ್ಕೆ 4ರ ಆಸುಪಾಸು. ನೀರು ಕಡಿಮೆ ಹಾಕಿ ಹಿಂಡಿದ ಮೊದಲ ಕಾಯಿಹಾಲಿನಲ್ಲಿ ಅದು 20ನ್ನೂ ಮೀರುತ್ತದೆ. ಆ ಎಣ್ಣೆಯ ಹನಿಗಳು ಒಂದಕ್ಕೊಂದು ಅಂಟದಂತೆ ಸುತ್ತ ತೆಳುವಾದ ಪ್ರೋಟೀನಿನ ಪೊರೆ ಇರುತ್ತದೆ. ಸುಮಾರು 80 ಡಿಗ್ರಿ ದಾಟಿದರೆ ಆ ಪ್ರೋಟೀನ್ ಗಟ್ಟಿಯಾಗಿ ಮುದುಡುತ್ತದೆ. ಪೊರೆ ಹರಿದ ಹನಿಗಳು ಒಂದಾಗಿ ಮೇಲೆ ತೇಲುತ್ತವೆ, ಮುದುಡಿದ ಪ್ರೋಟೀನ್ ಬಿಳಿ ಚೂರುಚೂರಾಗಿ ಕೆಳಗೆ ಕಾಣುತ್ತದೆ. ನಾವು ‘ಒಡೆಯಿತು’ ಅನ್ನುವುದು ಇದಕ್ಕೆ. ಹಸುವಿನ ಹಾಲಿನ ಕೇಸೀನ್ ಎಂಬ ಪ್ರೋಟೀನ್ ಕುದಿಗೆ ಜಗ್ಗುವುದಿಲ್ಲ, ಹುಳಿಗೆ ಮಾತ್ರ ಸೋಲುತ್ತದೆ. ಕಾಯಿಹಾಲು ಕುದಿಗೂ ಸೋಲುತ್ತದೆ, ಹುಳಿಗೂ ಸೋಲುತ್ತದೆ. ಹಾಲು ಕಾಸುವ ಅಭ್ಯಾಸದ ಕೈ ಕಾಯಿಹಾಲನ್ನು ಉಕ್ಕು ಬರುವ ತನಕ ಕಾಯಿಸಿಬಿಡುತ್ತದೆ. ಎಡವುವುದು ಅಲ್ಲೇ.

ಹಿಂಡುವ ಕೆಲಸ

ಕಾಯಿ ಆರಿಸುವುದರಿಂದಲೇ ಶುರು ಮಾಡಬೇಕು. ಅಲ್ಲಾಡಿಸಿದರೆ ನೀರಿನ ಸದ್ದು ಕೇಳಬೇಕು, ಕೈಗೆ ತೂಕವಾಗಿರಬೇಕು. ಎಳೆಗಾಯಿಯ ಹಾಲು ನೀರು ನೀರು. ನೀರು ಬತ್ತಿ ಕೊಬ್ಬರಿಯಾಗುತ್ತಿರುವ ಕಾಯಿಯಲ್ಲಿ ಎಣ್ಣೆ ಜಾಸ್ತಿ, ಹಿಂಡಿದಾಗಲೇ ಜಿಡ್ಡು ಬೇರೆಯಾಗುತ್ತದೆ. ಕನಟು ವಾಸನೆಯೂ ಇದ್ದೀತು. ಒಡೆದ ತಕ್ಷಣ ಒಂದು ಚೂರು ಬಾಯಿಗೆ ಹಾಕಿ ನೋಡಿ. ಅಲ್ಲಿ ಅನುಮಾನ ಬಂದರೆ ಆ ಕಾಯಿ ಪಲ್ಯಕ್ಕೂ ಬೇಡ, ರಸಾಯನಕ್ಕಂತೂ ಬೇಡವೇ ಬೇಡ. ತುರಿಯುವಾಗ ಕಂದು ಸಿಪ್ಪೆ ಬರುವ ತನಕ ಕೆರೆಯಬಾರದು. ಸಿಪ್ಪೆ ಸೇರಿದರೆ ಹಾಲು ಬೂದಿ ಬಣ್ಣಕ್ಕೆ ತಿರುಗುತ್ತದೆ, ನಾಲಗೆಯ ಹಿಂಬದಿಗೆ ಸಣ್ಣ ಒಗರು ಉಳಿಯುತ್ತದೆ.

ಮಧ್ಯಮ ಗಾತ್ರದ ಒಂದು ಕಾಯಿ ತುರಿದರೆ ಸಡಿಲವಾಗಿ ಎರಡೂವರೆ ಲೋಟ ತುರಿ ಬರುತ್ತದೆ (ಲೋಟ ಎಂದರೆ ಇಲ್ಲಿ 200 ಮಿಲಿಲೀಟರ್). ಅದಕ್ಕೆ ಮುಕ್ಕಾಲು ಲೋಟ ಬಿಸಿನೀರು. ಬಿಸಿ ಎಷ್ಟು? ಬೆರಳು ಅದ್ದಿದರೆ ಚುರುಕ್ ಅನ್ನಬೇಕು, ಆದರೆ ಮೂರು ಎಣಿಸುವವರೆಗೆ ತಡೆದುಕೊಳ್ಳುವಂತಿರಬೇಕು. ತಣ್ಣೀರು ಹಾಕಿದರೆ ಹಾಲು ಇಳಿಯುವುದಿಲ್ಲ. ತೆಂಗಿನ ಕೊಬ್ಬು ಸುಮಾರು 24 ಡಿಗ್ರಿಗಿಂತ ಕೆಳಗೆ ಹೆಪ್ಪುಗಟ್ಟುತ್ತದೆ. ಡಿಸೆಂಬರ್ ಬೆಳಿಗ್ಗೆ ತೀರ್ಥಹಳ್ಳಿ ಕಡೆಯ ಮನೆಗಳಲ್ಲಿ ಕೊಬ್ಬರಿ ಎಣ್ಣೆ ಬಾಟಲಿಯಲ್ಲಿ ಬಿಳಿ ಕಲ್ಲಾಗಿ ನಿಂತಿರುತ್ತದಲ್ಲ, ತುರಿಯೊಳಗಿನ ಕೊಬ್ಬಿನ ಪಾಡೂ ಆಗ ಅದೇ. ಫ್ರಿಜ್ಜಿನಿಂದ ತೆಗೆದ ತುರಿಯಲ್ಲೂ ಹೀಗೇ ಆಗುತ್ತದೆ. ಅದನ್ನು ಅರ್ಧ ಗಂಟೆ ಹೊರಗಿಟ್ಟು, ಬಿಸಿನೀರಲ್ಲಿ ಐದು ನಿಮಿಷ ನೆನೆಸಿ, ಆಮೇಲೆ ತಿರುವಬೇಕು. ಹಾಗಂತ ಕುದಿಯುವ ನೀರೂ ಬೇಡ. ಪೊರೆ ಅಲ್ಲೇ ಹರಿಯಲು ಶುರುವಾಗುತ್ತದೆ.

ಮಿಕ್ಸಿಯಲ್ಲಿ ಒಮ್ಮೆಗೇ ನುಣ್ಣಗೆ ರುಬ್ಬುವುದು ಎಲ್ಲರೂ ಮಾಡುವ ತಪ್ಪು. ನುಣ್ಣಗಾದರೆ ತುರಿಯೇ ಬಟ್ಟೆಯಿಂದ ಇಳಿದು ಹಾಲು ಮರಳು ಮರಳಾಗುತ್ತದೆ, ಜಾರೂ ಬಿಸಿಯಾಗುತ್ತದೆ. ಹತ್ತು ಹತ್ತು ಸೆಕೆಂಡಿನಂತೆ ಮೂರು ಸಲ ತಿರುವಿದರೆ ಸಾಕು. ಬೆರಳಿಗೆ ತರಿ ಸಿಗುತ್ತಿರಲಿ. ಒಗೆದು ಒಣಗಿಸಿದ ತೆಳು ಪಂಚೆಯ ತುಂಡು ಬಹಳ ಒಳ್ಳೆಯದು. ಸ್ಟೀಲ್ ಜರಡಿಯಲ್ಲಿ ಸೌಟಿನಿಂದ ಒತ್ತಿದರೆ ಬರುವ ಹಾಲಿಗೂ ಬಟ್ಟೆಯಲ್ಲಿ ತಿರುಚಿ ಹಿಂಡಿದ ಹಾಲಿಗೂ ದಪ್ಪದಲ್ಲಿ ಅಂತರ ಎದ್ದು ಕಾಣುತ್ತದೆ. ಬಟ್ಟೆಯನ್ನು ಮೊದಲು ನೀರಲ್ಲಿ ಅದ್ದಿ ಹಿಂಡಿಟ್ಟುಕೊಳ್ಳಿ. ಒಣ ಬಟ್ಟೆ ಮೊದಲ ಹಾಲಿನ ಒಂದು ಪಾಲನ್ನು ತಾನೇ ಕುಡಿಯುತ್ತದೆ. ಹೀಗೆ ಹಿಂಡಿದರೆ ಹೆಚ್ಚುಕಡಿಮೆ ಒಂದು ಲೋಟ ಮೊದಲ ಹಾಲು ಸಿಗುತ್ತದೆ. ಅದೇ ತುರಿಗೆ ಒಂದು ಲೋಟ ಬಿಸಿನೀರು ಹಾಕಿ ಮತ್ತೆ ತಿರುವಿದರೆ ಎರಡನೇ ಹಾಲು, ಇನ್ನೊಮ್ಮೆ ಮಾಡಿದರೆ ಮೂರನೆಯದು. ಮೂರನ್ನೂ ಬೇರೆ ಬೇರೆ ಪಾತ್ರೆಯಲ್ಲಿಡಿ. ಬೇಯಿಸಲು ಮೂರನೆಯದು, ಬೆಲ್ಲ ಕರಗಿಸಲು ಎರಡನೆಯದು, ಕೊನೆಗೆ ಬೆರೆಸಲು ಮೊದಲನೆಯದು. ಮೂರನ್ನೂ ಒಟ್ಟಿಗೆ ಸುರಿದುಬಿಟ್ಟರೆ ಮುಂದೆ ತಿದ್ದಲು ಏನೂ ಉಳಿಯುವುದಿಲ್ಲ.

ಬಾಳೆಹಣ್ಣಿನ ರಸಾಯನ

ಬೇಯಿಸುವುದೇ ಬೇಡದ ಸಿಹಿ ಇದು. ಹೊಸಬರು ಇಲ್ಲಿಂದ ಆರಂಭಿಸುವುದು ಒಳ್ಳೆಯದು, ಏಕೆಂದರೆ ಕಾಯಿಹಾಲು ಒಡೆಯುವ ಭಯ ಅರ್ಧಕ್ಕರ್ಧ ಇಲ್ಲ. ನಾಲ್ಕು ಜನಕ್ಕೆ 8 ಪುಟ್ಟಬಾಳೆ ಹಣ್ಣು (ಪೇಟೆಯಲ್ಲಿ ಏಲಕ್ಕಿ ಬಾಳೆ ಅನ್ನುವುದು ಇದನ್ನೇ), ಒಂದು ಲೋಟ ಮೊದಲ ಹಾಲು, ಕಾಲು ಲೋಟ ಎರಡನೇ ಹಾಲು, 80ರಿಂದ 100 ಗ್ರಾಂ ಪುಡಿಬೆಲ್ಲ, 4 ಏಲಕ್ಕಿ, ಒಂದು ಚಮಚ ಬಿಳಿ ಎಳ್ಳು, ಎರಡು ಚಿಟಿಕೆ ಉಪ್ಪು. ಹಣ್ಣು ಸಿಪ್ಪೆಯ ಮೇಲೆ ಕಂದು ಚುಕ್ಕಿ ಮೂಡಿ, ತೊಟ್ಟಿನ ಹತ್ತಿರ ಹಸಿರು ಪೂರ್ತಿ ಹೋಗಿರಬೇಕು. ಹಸಿರು ಉಳಿದಿದ್ದರೆ ಪಿಷ್ಟ ಇನ್ನೂ ಸಕ್ಕರೆಯಾಗಿಲ್ಲ, ನಾಲಗೆ ಒಗರಾಗುತ್ತದೆ. ಪಚ್ಚಬಾಳೆಯಲ್ಲಿ ನೀರು ಹೆಚ್ಚು, ಹಾಲಿಗೆ ಬಿದ್ದ ಹತ್ತೇ ನಿಮಿಷಕ್ಕೆ ಅಂಚು ಕರಗುತ್ತದೆ. ನೇಂದ್ರ ಗಟ್ಟಿ, ಹಸಿಯಾಗಿ ರಸಾಯನಕ್ಕೆ ಹೊಂದುವುದಿಲ್ಲ, ಬೇಯಿಸಿದರೆ ಚೆನ್ನ. ಎಲ್ಲ ಇದ್ದರೆ ಪುಟ್ಟಬಾಳೆಯೇ ಸೈ. ಅದರ ಸಣ್ಣ ಹುಳಿ ಬೆಲ್ಲದ ಜೊತೆ ಮಾತಾಡುತ್ತದೆ.

ಎರಡನೇ ಹಾಲನ್ನು ಉಗುರು ಬೆಚ್ಚಗೆ ಮಾಡಿ ಬೆಲ್ಲ ಕರಗಿಸಿ, ಬಟ್ಟೆಯಲ್ಲಿ ಸೋಸಿ. ಬೆಲ್ಲದಲ್ಲಿ ಮರಳು, ಕಬ್ಬಿನ ಸಿಬಿರು ಇದ್ದೇ ಇರುತ್ತವೆ. ಬೆಲ್ಲ ಕಡುಕಂದು ಬಣ್ಣದ್ದಾಗಿರಲಿ. ಹಳದಿಗೆ ಹೊಳೆಯುವ ಬೆಲ್ಲಕ್ಕೆ ಬಣ್ಣ ತೆಗೆಯಲು ಹೈಡ್ರೋಸ್ ಎಂಬ ರಾಸಾಯನಿಕ ಬೆರೆಸಿರುವುದುಂಟು, ಕಾಯಿಹಾಲಿನ ನವಿರಾದ ಪರಿಮಳದಲ್ಲಿ ಅದರ ಗಂಧಕದ ವಾಸನೆ ಬೇಗ ಮೂಗಿಗೆ ಬಡಿಯುತ್ತದೆ. ಸಾಗರ, ಸೊರಬದ ಕಡೆಯ ಜೋನಿಬೆಲ್ಲ ಸಿಕ್ಕಿದರೆ ಕರಗಿಸುವ ಕೆಲಸವೇ ಇಲ್ಲ, ಐದು ದೊಡ್ಡ ಚಮಚ ನೇರವಾಗಿ ಹಾಕಿ, ಎರಡನೇ ಹಾಲನ್ನು ಕೈಬಿಡಿ. ಒಂದೇ ಎಚ್ಚರ: ಮಳೆಗಾಲ ಕಳೆದ ಜೋನಿ ಕೆಲವೊಮ್ಮೆ ಹುಳಿ ಬಂದಿರುತ್ತದೆ, ಮೇಲೆ ಸಣ್ಣ ನೊರೆ ಕಾಣುತ್ತದೆ. ಅಂಥದ್ದು ಕಾಯಿಹಾಲನ್ನು ಒಡೆಯುತ್ತದೆ.

ಎಂಟು ಹಣ್ಣಿನಲ್ಲಿ ಎರಡನ್ನು ಕೈಯಲ್ಲಿ ಕಿವುಚಿ ಬೆಲ್ಲದ ನೀರಿಗೆ ಸೇರಿಸಿ, ಉಳಿದ ಆರನ್ನು ಕಾಲು ಇಂಚು ದಪ್ಪದ ಬಿಲ್ಲೆಗಳಾಗಿ ಹೆಚ್ಚಿ. ಕಿವುಚಿದ್ದರಿಂದ ರಸಕ್ಕೆ ಮೈ ಬರುತ್ತದೆ, ಹೆಚ್ಚಿದ್ದು ಬಾಯಿಗೆ ಸಿಗುತ್ತದೆ. ಮಿಕ್ಸಿಗೆ ಹಾಕಿದರೆ ಲೋಳೆಯಾಗುತ್ತದೆ, ಗಾಳಿ ಸೇರಿ ಬಣ್ಣವೂ ಬೇಗ ಕಪ್ಪಾಗುತ್ತದೆ. ಹೆಚ್ಚಿದ ಬಿಲ್ಲೆ ಈಳಿಗೆಯ ಬುಡದಲ್ಲಿ ಕಾಯುತ್ತ ಕೂರಬಾರದು, ನೇರ ಪಾತ್ರೆಗೆ ಬೀಳಬೇಕು. ಹಾಲಿನಲ್ಲಿ ಮುಳುಗಿದ ಹೋಳಿಗೆ ಗಾಳಿ ತಾಗುವುದು ಕಡಿಮೆ, ಹಾಗಾಗಿ ಕಪ್ಪಾಗುವುದೂ ನಿಧಾನ. ಬಣ್ಣ ಉಳಿಸಲೆಂದು ನಿಂಬೆಹಣ್ಣು ಹಿಂಡುವವರಿದ್ದಾರೆ. ಹಣ್ಣಿನ ಬಣ್ಣ ಉಳಿಯುತ್ತದೆ, ಹಾಲು ಕೆಡುತ್ತದೆ. ಕೊನೆಗೆ ಮೊದಲ ಹಾಲು, ಜಜ್ಜಿದ ಏಲಕ್ಕಿ, ಉಪ್ಪು. ಎಳ್ಳನ್ನು ಒಣ ಬಾಣಲೆಯಲ್ಲಿ ಚಟಪಟ ಅನ್ನುವ ತನಕ ಹುರಿದು, ಬಡಿಸುವ ಹೊತ್ತಿಗೆ ಮೇಲೆ ಉದುರಿಸಿ. ಎಳ್ಳು ಒಗ್ಗದವರೂ ಇರುತ್ತಾರೆ, ಅದನ್ನು ಬಟ್ಟಲಲ್ಲಿ ಬೇರೆಯೇ ಇಡುವುದು ವಾಸಿ.

ಬೆರೆಸಿ ಇಪ್ಪತ್ತು ನಿಮಿಷಕ್ಕೆ ರಸಾಯನ ಹದಕ್ಕೆ ಬರುತ್ತದೆ, ಒಂದು ಗಂಟೆಯ ತನಕ ಚೆನ್ನಾಗಿರುತ್ತದೆ. ಆಮೇಲೆ ಬೆಲ್ಲ ಹಣ್ಣಿನೊಳಗಿನ ನೀರನ್ನು ಎಳೆದು ಹಾಕುವುದರಿಂದ ರಸ ತೆಳ್ಳಗಾಗಿ ಹೋಳು ಸೊರಗುತ್ತದೆ. ಬೆಳಿಗ್ಗೆಯೇ ಮಾಡಿಟ್ಟು ಮಧ್ಯಾಹ್ನ ಬಡಿಸುವ ಸಿಹಿ ಇದಲ್ಲ. ಸೆಕೆಗಾಲದಲ್ಲಿ ಐದಾರು ಗಂಟೆ ಹೊರಗಿಟ್ಟರೆ ಹುಳಿಯೂ ಬರುತ್ತದೆ: ಹಣ್ಣು, ಬೆಲ್ಲ, ಹಸಿ ಕಾಯಿಹಾಲು ಮೂರೂ ಹುದುಗಲು ತುದಿಗಾಲಲ್ಲಿ ನಿಂತವೇ. ಫ್ರಿಜ್ಜಿಗಿಟ್ಟರೆ ಕೊಬ್ಬು ಗಟ್ಟಿಯಾಗಿ ಅಂಗುಳಿಗೆ ಮೇಣದಂತೆ ಅಂಟುತ್ತದೆ. ತಂಪಾಗಿ ಬೇಕಾದರೆ ಪಾತ್ರೆಯನ್ನು ಬಾವಿಯ ನೀರು ತುಂಬಿದ ಬೋಗುಣಿಯಲ್ಲಿ ಕಾಲು ಗಂಟೆ ಇಡುವುದೇ ಸರಿ.

‘ಮೊದಲು ಬೆಂಕಿ ಎಳಿ’

ಬೇಯಿಸುವ ಸಿಹಿಗೆ ಬಂದಾಗ ಸಾಗರದ ಕಡೆಯ ಒಂದು ಉಪನಯನದ ಅಡುಗೆ ಚಪ್ಪರ ನೆನಪಾಗುತ್ತದೆ. ಹಲಸಿನ ಹಣ್ಣಿನ ಪಾಯಸ, ದೊಡ್ಡ ಹಿತ್ತಾಳೆ ಕೊಪ್ಪರಿಗೆ, ಕೆಳಗೆ ಮೂರು ಕಡೆಯಿಂದ ಸೌದೆ. ಮೂರನೇ ಹಾಲಿನಲ್ಲಿ ಹಣ್ಣು ಬೆಂದು, ಬೆಲ್ಲ ಕೂಡಿ, ಮೇಲೆ ದಪ್ಪ ದಪ್ಪ ಗುಳ್ಳೆ ಏಳುತ್ತಿತ್ತು. ಹುಡುಗನೊಬ್ಬ ಮೊದಲ ಹಾಲಿನ ಪಾತ್ರೆ ಎತ್ತಿಕೊಂಡು ಕೊಪ್ಪರಿಗೆಯ ಅಂಚಿಗೆ ಬಂದ. ಅಡುಗೆ ಭಟ್ಟರು ಸೌಟು ಅಡ್ಡ ಹಿಡಿದರು: ‘ಮಾಣಿ, ಮೊದಲು ಬೆಂಕಿ ಎಳಿ. ಹಾಲು ಆಮೇಲೆ.’ ಸೌದೆಯನ್ನೆಲ್ಲ ಹೊರಗೆಳೆದು ನೀರು ಚಿಮುಕಿಸಿದರು. ಆದರೂ ಹಾಲು ಹಾಕಿಸಲಿಲ್ಲ. ಗುಳ್ಳೆ ನಿಂತು, ಮೇಲ್ಮೈ ಸಮವಾಗಿ, ಅಂಚಿನಲ್ಲಿ ತೆಳು ಕೆನೆ ಸುಕ್ಕುಗಟ್ಟುವ ತನಕ ಕಾದರು. ಆಮೇಲೆ ಒಂದು ಸೌಟು ಬಿಸಿ ಪಾಯಸವನ್ನೇ ಹಾಲಿನ ಪಾತ್ರೆಗೆ ಹಾಕಿ ಕಲಕಿ, ಹಾಲು ಬೆಚ್ಚಗಾದ ಮೇಲೆ ಸಣ್ಣ ಧಾರೆಯಾಗಿ ಕೊಪ್ಪರಿಗೆಗೆ ಇಳಿಸಿದರು. ಒಂದು ಹನಿ ಎಣ್ಣೆ ಬೇರೆಯಾಗಲಿಲ್ಲ. ಮೂರನೇ ಪಂಕ್ತಿಯ ಹೊತ್ತಿಗೆ ಪಾಯಸ ಆರಿತೆಂದು ಯಾರೋ ಮಿಕ್ಕಿದ್ದನ್ನು ಸಣ್ಣ ಪಾತ್ರೆಗೆ ಹಾಕಿ ಗ್ಯಾಸಿನ ಮೇಲಿಟ್ಟು ಕುದಿಸಿದರು. ಬಡಿಸುವಾಗ ದೊನ್ನೆಯ ಮೇಲೆ ಎಣ್ಣೆಯ ಕಣ್ಣುಗಳು ತೇಲುತ್ತಿದ್ದವು, ತಳದಲ್ಲಿ ಮೊಸರೊಡೆದಂಥ ಚೂರು. ಒಂದೇ ಪಾಯಸ, ಒಂದೇ ಕಾಯಿ. ನಡುವೆ ಇದ್ದದ್ದು ಒಂದು ಕುದಿ ಮಾತ್ರ.

ಮನೆಯ ಅಳತೆಗೆ ಇಳಿಸಿದರೆ: ಸಣ್ಣಗೆ ಹೆಚ್ಚಿದ ಹಲಸಿನ ತೊಳೆ ಎರಡು ಲೋಟ, ಸುಮಾರು 300 ಗ್ರಾಂ. ಬಕ್ಕೆ ಹಲಸಾದರೆ ಹೋಳು ನಿಲ್ಲುತ್ತದೆ. ಅಂಬಲಿ ಹಲಸಾದರೆ ಮೆತ್ತಗೆ ನಾರು ನಾರು, ಅದನ್ನು ಬೆತ್ತದ ಬುಟ್ಟಿಗೋ ದೊಡ್ಡ ಕಣ್ಣಿನ ಜರಡಿಗೋ ಉಜ್ಜಿ ರಸ ತೆಗೆಯಬೇಕು. ಪಾಯಸಕ್ಕೆ ಅಂಬಲಿಯ ಪರಿಮಳವೇ ಮೇಲು ಎನ್ನುವುದು ನನ್ನ ಅಭಿಪ್ರಾಯ. ಎರಡನ್ನೂ ಅರ್ಧರ್ಧ ಹಾಕಿದರೆ ಇನ್ನೂ ಚೆಂದ. ಎರಡು ದೊಡ್ಡ ಚಮಚ ಅಕ್ಕಿಯನ್ನು ಒಂದು ಗಂಟೆ ನೆನೆಸಿ, ಎರಡು ಚಮಚ ಕಾಯಿತುರಿಯ ಜೊತೆ ನುಣ್ಣಗೆ ರುಬ್ಬಿಟ್ಟುಕೊಳ್ಳಿ. ಹಣ್ಣನ್ನು ಒಂದೂವರೆ ಲೋಟ ಮೂರನೇ ಹಾಲಿನಲ್ಲಿ, ಸಾಲದಿದ್ದರೆ ನೀರು ಸೇರಿಸಿ, ಸಣ್ಣ ಉರಿಯಲ್ಲಿ 15–20 ನಿಮಿಷ ಬೇಯಿಸಿ. ಹೋಳನ್ನು ಸೌಟಿನ ಬೆನ್ನಿನಿಂದ ಒತ್ತಿದರೆ ಮುರಿಯಬೇಕು. ಆ ಮೇಲಷ್ಟೇ 150 ಗ್ರಾಂ ಬೆಲ್ಲ. ಮೊದಲೇ ಬೆಲ್ಲ ಬಿದ್ದರೆ ಹಣ್ಣು ಬೇಯುವುದಿಲ್ಲ, ರಬ್ಬರಿನ ಚೂರಿನಂತೆ ಹಲ್ಲಿಗೆ ಸಿಗುತ್ತದೆ. ಒಮ್ಮೆ ಹಾಗಾದರೆ ಎಷ್ಟು ಬೇಯಿಸಿದರೂ ಸರಿಹೋಗುವುದು ಕಷ್ಟ.

ಬೆಲ್ಲದ ಹಸಿ ವಾಸನೆ ಹೋದ ಮೇಲೆ ರುಬ್ಬಿದ ಅಕ್ಕಿ ಹಾಕಿ, ತಳ ಹಿಡಿಯದಂತೆ ಐದಾರು ನಿಮಿಷ ತಿರುವಿ. ಅಕ್ಕಿ ಇಲ್ಲಿ ಎರಡು ಕೆಲಸ ಮಾಡುತ್ತದೆ. ಪಾಯಸವನ್ನು ದಪ್ಪ ಮಾಡುವುದು ಕಣ್ಣಿಗೆ ಕಾಣುತ್ತದೆ. ಕಾಣದ ಕೆಲಸ ಎಂದರೆ, ಬೆಂದ ಪಿಷ್ಟ ರಸವನ್ನು ಮಂದ ಮಾಡಿ ಎಣ್ಣೆಯ ಹನಿಗಳು ಒಂದಕ್ಕೊಂದು ಹತ್ತಿರ ಬರದಂತೆ ತಡೆಯುತ್ತದೆ. ಅಕ್ಕಿ ಹಾಕದ ಪಾಯಸ ಒಡೆಯುವುದು ಬೇಗ. ಈಗ ಒಲೆ ಆರಿಸಿ, ಐದು ನಿಮಿಷ ಬಿಟ್ಟು, ಭಟ್ಟರು ಮಾಡಿದಂತೆಯೇ ಒಂದು ಲೋಟ ಮೊದಲ ಹಾಲು. 5 ಏಲಕ್ಕಿ, ಅರ್ಧ ಚಮಚ ಶುಂಠಿಪುಡಿ, ಚಿಟಿಕೆ ಉಪ್ಪು. ಒಗ್ಗರಣೆಗೆ ತುಪ್ಪದ ಅಗತ್ಯ ಇಲ್ಲ. ಸಣ್ಣಗೆ ಹೆಚ್ಚಿದ ಕಾಯಿಚೂರನ್ನು ಒಂದು ಚಮಚ ಕೊಬ್ಬರಿ ಎಣ್ಣೆಯಲ್ಲಿ ಕೆಂಪಗೆ ಹುರಿದು ಹಾಕಿದರೆ ಆಯಿತು. ಮಳೆ ಹಿಡಿದ ಮೇಲೆ ಕೊಯ್ದ ಹಲಸಿನಲ್ಲಿ ನೀರಿನಂಶ ಜಾಸ್ತಿ, ಸಿಹಿ ಕಡಿಮೆ. ಆಗ ಮೂರನೇ ಹಾಲನ್ನು ಅರ್ಧಕ್ಕೆ ಇಳಿಸಿ, ಬೆಲ್ಲವನ್ನು ಎರಡು ಚಮಚ ಏರಿಸಿ.

ಒಡೆದೇ ಹೋಯಿತು ಅನ್ನಿ. ಚೆಲ್ಲಬೇಡಿ. ಪಾತ್ರೆ ಕೆಳಗಿಳಿಸಿ, ಎರಡು ಸೌಟು ಪಾಯಸವನ್ನು ತಣಿಸಿ, ಒಂದು ಚಮಚ ಬೇಯಿಸಿದ ಅಕ್ಕಿಹಿಟ್ಟಿನ ಗಂಜಿಯೊಂದಿಗೆ ಮಿಕ್ಸಿಯಲ್ಲಿ ತಿರುವಿ ವಾಪಸು ಸೇರಿಸಿ. ಮೊದಲಿನ ನುಣುಪು ಪೂರ್ತಿ ಬಾರದಿದ್ದರೂ ತೇಲುವ ಎಣ್ಣೆ ಮತ್ತೆ ಒಳಗೆ ಕೂಡುತ್ತದೆ. ಬಿಸಿಮಾಡುವುದಿದ್ದರೆ ಪಾತ್ರೆಯನ್ನು ಬಿಸಿನೀರಿನ ಇನ್ನೊಂದು ಪಾತ್ರೆಯಲ್ಲಿ ಕೂರಿಸಿ. ನೇರ ಉರಿ ಬೇಡ.

ಹುಳಿ ಹಣ್ಣುಗಳ ವಿಚಾರ

ಮಾವಿನ ಹಣ್ಣಿಗೆ ಬಾಳೆಯ ಕ್ರಮವೇ ಸಾಕು. ಗೊರಟಿನ ಹತ್ತಿರದ ರಸ ನೆಕ್ಕಿ ನೋಡಿ, ಅಲ್ಲೂ ಸಿಹಿಯಿದ್ದರೆ ರಸಾಯನಕ್ಕೆ ಯೋಗ್ಯ. ಕಾಡುಮಾವು ಹೆಚ್ಚಾಗಿ ಹುಳಿ, ಅದು ಗೊಜ್ಜಿಗಿರಲಿ. ರಸಪುರಿಯಂಥ ರಸದ ಹಣ್ಣನ್ನು ಕಿವುಚಿ, ನಾರು ತೆಗೆದು, ಬೆಲ್ಲ ಕೂಡಿಸಿ, ಬಡಿಸುವ ಮುಂಚೆ ಹಾಲು ಸುರಿದು ಎರಡು ಸುತ್ತು ಕಲಕಿದರೆ ಮುಗಿಯಿತು. ಇಡೀ ಹೊತ್ತು ಕಲಕುತ್ತಲೇ ಇರಬೇಡಿ.

ಅನಾನಸು ಮಾತ್ರ ಹಸಿಯಾಗಿ ಕಾಯಿಹಾಲಿಗೆ ಬೀಳಲೇಬಾರದು. ಬನವಾಸಿ, ಸೊರಬದ ಕಡೆಯಿಂದ ಬರುವ ಹಣ್ಣು ಎಷ್ಟೇ ಸಿಹಿಯಿದ್ದರೂ ಅದರಲ್ಲಿ ಹುಳಿ ಇದೆ, ಜೊತೆಗೆ ಪ್ರೋಟೀನನ್ನು ಕತ್ತರಿಸುವ ಬ್ರೊಮೆಲೇನ್ ಎಂಬ ಕಿಣ್ವ ಇದೆ. ಅನಾನಸು ಜಾಸ್ತಿ ತಿಂದರೆ ನಾಲಗೆ ಉರಿಯುವುದರಲ್ಲೂ ಅದರ ಕೈವಾಡವಿದೆ. ಎಣ್ಣೆಹನಿಯ ಸುತ್ತಲಿನ ಪೊರೆಯೂ ಪ್ರೋಟೀನೇ ಅಲ್ಲವೇ? ಸಣ್ಣ ಹೋಳು ಮಾಡಿ, ಒಂದು ಲೋಟ ಹಣ್ಣಿಗೆ ಕಾಲು ಲೋಟ ಸಕ್ಕರೆ ಹಾಕಿ, ಅದರದೇ ನೀರಲ್ಲಿ ಹತ್ತು ನಿಮಿಷ ಕುದಿಸಿದರೆ ಕಿಣ್ವ ಸಾಯುತ್ತದೆ. ಹುಳಿ ಹೋಗುವುದಿಲ್ಲ. ಹಾಗಾಗಿ ಹಣ್ಣು ಪೂರ್ತಿ ತಣಿದ ಮೇಲೆ, ಹಾಲಿಗೆ ಒಂದು ಚಮಚ ಅಕ್ಕಿಹಿಟ್ಟು ಕಲಸಿ ಬೇರೆಯಾಗಿ ಮಂದ ಮಾಡಿಕೊಂಡು, ಬಟ್ಟಲಲ್ಲಿ ಮೊದಲು ಹಾಲು, ಮೇಲೆ ಹಣ್ಣು. ಕಲಕುವುದು ತಿನ್ನುವವರ ಚಮಚಕ್ಕೆ ಬಿಡಿ.

ಪ್ಯಾಕೆಟ್ಟಿನ ಹಿಂಬದಿ

ಕಾಯಿ ತುರಿಯಲು ಪುರುಸೊತ್ತಿಲ್ಲದ ದಿನ ಪ್ಯಾಕೆಟ್ ಹಾಲು ತರುವುದರಲ್ಲಿ ತಪ್ಪಿಲ್ಲ. 200 ಮಿಲಿಲೀಟರಿನ ಡಬ್ಬಿಗೆ ಅರ್ಧ ಲೋಟ ಬೆಚ್ಚನೆ ನೀರು ಬೆರೆಸಿದರೆ ರಸಾಯನದ ಹದ ಬರುತ್ತದೆ. ಅದರಲ್ಲಿ ಗೌರ್ ಗಮ್ಮಿನಂಥ ಅಂಟು ಸೇರಿಸಿರುವುದು ಸಾಮಾನ್ಯ, ಹಾಗಾಗಿ ಕುದಿಗೆ ಸ್ವಲ್ಪ ತಡೆಯುತ್ತದೆ. ಪರಿಮಳ ಮಾತ್ರ ಕೈಯಲ್ಲಿ ಹಿಂಡಿದ್ದಕ್ಕೆ ಸಾಟಿಯಲ್ಲ.

ಆದರೆ ಹಾಲಿನ ಅಲರ್ಜಿ ಇರುವ ಮಗುವಿಗಾಗಿ ಮಾಡುವವರು ಒಂದು ಮಾತು ಗಟ್ಟಿಯಾಗಿ ನೆನಪಿಡಬೇಕು. ಕಾಯಿಹಾಲಿನ ಪುಡಿ ಎಂದು ಮಾರುವ ಎಷ್ಟೋ ಪೊಟ್ಟಣಗಳಲ್ಲಿ ಸೋಡಿಯಂ ಕೇಸಿನೇಟ್ ಇರುತ್ತದೆ. ಅದು ಹಸುವಿನ ಹಾಲಿನಿಂದಲೇ ತೆಗೆದ ಪ್ರೋಟೀನ್. ಮುಂಬದಿಯಲ್ಲಿ ತೆಂಗಿನಕಾಯಿಯ ಚಿತ್ರ, ಹಿಂಬದಿಯ ಸಣ್ಣ ಅಕ್ಷರದಲ್ಲಿ ಹಾಲು. ಹಿಂಬದಿ ಓದದೆ ಬುಟ್ಟಿಗೆ ಹಾಕಬೇಡಿ. ತುಪ್ಪದ ವಿಷಯವೂ ಹೀಗೇ. ಹಾಲಿನಲ್ಲಿರುವ ಸಕ್ಕರೆ, ಅಂದರೆ ಲ್ಯಾಕ್ಟೋಸ್, ಜೀರ್ಣವಾಗದವರಿಗೆ ತುಪ್ಪ ಸಾಮಾನ್ಯವಾಗಿ ತೊಂದರೆ ಕೊಡುವುದಿಲ್ಲ, ಏಕೆಂದರೆ ಅದರಲ್ಲಿ ಲ್ಯಾಕ್ಟೋಸ್ ಇಲ್ಲವೆನ್ನುವಷ್ಟು ಕಡಿಮೆ. ಹಾಲಿನ ಪ್ರೋಟೀನಿಗೇ ಅಲರ್ಜಿ ಇದ್ದರೆ ಕಥೆ ಬೇರೆ, ತುಪ್ಪದಲ್ಲಿ ಉಳಿಯುವ ಅತ್ಯಲ್ಪ ಅಂಶವೂ ಕೆಲವರಿಗೆ ಸಾಕಾಗುತ್ತದೆ. ಹಾಲಿನ ಪಾಯಸದಲ್ಲಿ ಆಡಿದ ಸೌಟನ್ನು ತೊಳೆಯದೆ ಇದಕ್ಕೆ ಹಾಕುವುದೂ ಸಲ್ಲ. ಸಮಾರಂಭದಲ್ಲಾದರೆ ಮೊದಲೇ ಒಂದು ಪಾತ್ರೆ, ಒಂದು ಸೌಟು ಬೇರೆ ಎತ್ತಿಟ್ಟು, ಬಡಿಸುವ ಒಬ್ಬರಿಗೆ ಹೇಳಿಟ್ಟರೆ ಆ ತಾಯಿ ಕೈ ಅಡ್ಡ ಹಿಡಿಯುವ ಕೆಲಸ ಇರುವುದಿಲ್ಲ. ಇನ್ನೊಂದು ಮಾತು: ಕಾಯಿಹಾಲು ಸಿಹಿಗೆ ಸರಿ, ಆದರೆ ಬೆಳೆಯುವ ಮಗುವಿಗೆ ಹಸುವಿನ ಹಾಲು ಕೊಡುವ ಕ್ಯಾಲ್ಸಿಯಮ್ಮು, ಪ್ರೋಟೀನು ಇದರಲ್ಲಿ ಅಷ್ಟಿಲ್ಲ. ಅದಕ್ಕೆ ರಾಗಿ, ಎಳ್ಳು, ಬೇಳೆ ಎಂದು ಬೇರೆ ದಾರಿ ನೋಡಬೇಕು, ವೈದ್ಯರನ್ನೂ ಕೇಳಬೇಕು.

ಶಾವಿಗೆಯ ದಿನ

ರಸಾಯನವನ್ನು ಬಟ್ಟಲಲ್ಲಿ ಹಾಗೆಯೇ ತಿನ್ನಬಹುದು, ನೀರುದೋಸೆಗೆ ಹಚ್ಚಿಕೊಳ್ಳಬಹುದು. ಆದರೆ ಅದರ ನಿಜವಾದ ಜೊತೆ ಒತ್ತು ಶಾವಿಗೆ. ಜಡಿಮಳೆಯ ಒಂದು ಮಧ್ಯಾಹ್ನ, ಹೊಸನಗರದ ಕಡೆಯ ಮನೆಯೊಂದರ ಅಡುಗೆಮನೆ: ಅತ್ತೆ ಬೇಯಿಸಿದ ಅಕ್ಕಿ ಮುದ್ದೆಯನ್ನು ಬಿಸಿ ಬಿಸಿಯಾಗಿ ಶಾವಿಗೆ ಒರಳಿಗೆ ತುಂಬುತ್ತಾರೆ, ಸೊಸೆ ಮೇಲಿನ ಹಿಡಿಯನ್ನು ಮೈಭಾರ ಬಿಟ್ಟು ತಿರುವುತ್ತಾಳೆ, ಕೆಳಗೆ ಬಾಳೆಲೆಯ ಮೇಲೆ ಬಿಳಿ ಎಳೆಗಳು ಸುರುಳಿಯಾಗಿ ಬೀಳುತ್ತವೆ. ಮುದ್ದೆ ಆರಿದರೆ ಒತ್ತಲು ಬಾರದು, ಹಾಗಾಗಿ ಇಬ್ಬರಿಗೂ ಮಾತಿಗೆ ಬಿಡುವಿಲ್ಲ. ‘ಅತ್ತೆ, ಹಣ್ಣು ಹೆಚ್ಚಿ ಹಾಲಿಗೆ ಹಾಕ್ಲಾ?’ ‘ಈಗಲೇ ಬೇಡ ಮಾರಾಯ್ತಿ, ಕೊನೇ ಮುದ್ದೆ ಒರಳಿಗೆ ಹೋಗ್ಲಿ.’ ಕೊನೆಯ ಮುದ್ದೆ ಒತ್ತಿ, ಎಲೆ ಹಾಕಿ, ಎಲ್ಲರನ್ನು ಕರೆದು ಕೂರಿಸುವಷ್ಟರಲ್ಲಿ ಸರಿಯಾಗಿ ಇಪ್ಪತ್ತು ನಿಮಿಷ. ಗಡಿಯಾರ ನೋಡದೆ ಆ ಮನೆಯವರು ಇಟ್ಟುಕೊಂಡ ಲೆಕ್ಕ ಅದು.

ಬಡಿಸುವಾಗ ಶಾವಿಗೆ ಉಗುರು ಬೆಚ್ಚಗಿರಲಿ. ಬಿಸಿ ಶಾವಿಗೆಯ ಮೇಲೆ ಸುರಿದರೆ ಕಾಯಿಹಾಲಿನ ಜಿಡ್ಡು ಎಳೆಗೆ ಅಂಟಿ ರಸ ತೆಳ್ಳಗಾಗುತ್ತದೆ. ತೀರಾ ಆರಿದ್ದರೆ ಎಳೆ ಬಿರುಸಾಗಿ ರಸ ಹೀರುವುದಿಲ್ಲ. ಒಂದು ಹಿಡಿ ಶಾವಿಗೆಗೆ ಎರಡು ಸೌಟು ರಸಾಯನದ ಲೆಕ್ಕ. ಮತ್ತೆ, ಮೂರು ಸಲ ಹಿಂಡಿ ಉಳಿದ ತುರಿಯನ್ನು ಎಸೆಯಬೇಡಿ. ಒಣ ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಗರಿಗರಿಯಾಗುವ ತನಕ ಹುರಿದು, ಬ್ಯಾಡಗಿ ಮೆಣಸು, ಹುಣಸೆ, ಉಪ್ಪು ಹಾಕಿ ಪುಡಿ ಮಾಡಿದರೆ ಒಂದು ವಾರ ದೋಸೆಗೆ ಚಟ್ನಿಪುಡಿ ಆಗುತ್ತದೆ.